ಎಳ್ಳುಕಾಳಿನಷ್ಟು ತಾಯಂದಿರ ಹೆರಿಗೆ ಕೋಣೆ

ನಮ್ಮ ಮನೆ, ಅಡುಗೆಮನೆಯ ಮೇಜು
ಭಾನುವಾರ, ಮೇ ೧೨

ನನ್ನ ಬಂಗಾರದಂಥ ಸೊಸೆಗೆ,

ಹೇಗಿದ್ದೀಯ ತಾಯಿ? ಕಾಲಿನ ಊತ ಇಳಿದಿದೆಯೆ? ಪಕ್ಕದ ಹಾಸಿಗೆಯ ಹೆಂಗಸು ಇನ್ನೂ ಗೊರಕೆ ಹೊಡೆದು ಕಿಟಕಿಯ ಗಾಜು ನಡುಗಿಸುತ್ತಿದ್ದಾಳೆಯೆ, ಇಲ್ಲ ಆ ಪುಣ್ಯಾತ್ಗಿತ್ತಿ ಹೆರಿಗೆಯಾಗಿ ಮನೆಗೆ ಹೋದಳೆ? ಎಡ ಮಗ್ಗುಲಿಗೇ ಮಲಗಬೇಕು ಎಂದು ಡಾಕ್ಟರಮ್ಮ ಹೇಳಿದ್ದಾರಂತೆ. ನೀನು ಎರಡು ನಿಮಿಷಕ್ಕೊಮ್ಮೆ ಹೊರಳುವವಳು, ಹೇಗೆ ತಡೆದುಕೊಂಡಿದ್ದೀಯೋ ಕಾಣೆ. ಊಟ ಸಪ್ಪೆ ಎಂದು ತಟ್ಟೆ ಹಾಗೇ ವಾಪಸ್ಸು ಕಳಿಸಬೇಡ. ನಿನಗೆ ಬೇಡವಾದರೂ ಒಳಗಿರುವವರಿಗೆ ಬೇಕು. ಇಲ್ಲಿ ನಾನು ಚೆನ್ನಾಗಿದ್ದೇನೆ, ನಿನ್ನ ಗಂಡನೂ ಚೆನ್ನಾಗಿದ್ದಾನೆ; ನೀನಿಲ್ಲದೆ ಸೊರಗಿದ್ದಾನೆ ಎಂದು ಬರೆಯೋಣವೆಂದುಕೊಂಡೆ, ಆದರೆ ನಿನ್ನೆ ರಾತ್ರಿ ಅವನು ಉಂಡ ಪರಿ ನೋಡಿದ ಮೇಲೆ ಹಾಗೆ ಬರೆಯಲು ಕೈ ಬರುವುದಿಲ್ಲ.

ಇನ್ನು ಸುದ್ದಿ. ಮೊದಲೇ ಹೇಳಿಬಿಡುತ್ತೇನೆ, ನೀನು ಎದ್ದು ಕೂರಬಾರದು ನೋಡು: ಗೆದ್ದಿದ್ದೇವೆ. ಗಿಡದ ನುಸಿ ತಿನ್ನುವ ನಿನ್ನ ಹುಳಗಳ ಕೋಣೆ ಇದ್ದಲ್ಲೇ ಇದೆ, ಅದರ ತುಂಬ ಹುಳಗಳಿವೆ, ಗಾಜಿನ ಮನೆಯ ಹೂಗಳಲ್ಲೂ ಇವೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನದನ್ನು ಓದು, ಏಕೆಂದರೆ ನಡುವೆ ನಡೆದದ್ದನ್ನು ನಿನ್ನಿಂದ ಮುಚ್ಚಿಟ್ಟಿದ್ದೆವು. ಪ್ರತಿ ಭಾನುವಾರ ನಿನ್ನ ಗಂಡ ಬಂದು ಕುರ್ಚಿಯಲ್ಲಿ ಕೂತು "ಎಲ್ಲಾ ಚೆನ್ನಾಗಿದೆ ಕಣೇ" ಎಂದನಲ್ಲ, ಅದು ಶುದ್ಧ ಸುಳ್ಳು. ಹೇಳಿಸಿದವಳು ನಾನು. ಅವನಿಗೆ ಸುಳ್ಳು ಹೇಳಲು ಬರುವುದಿಲ್ಲ, ಕಿವಿ ಕೆಂಪಾಗುತ್ತದೆ. ಅದಕ್ಕೇ ಟೋಪಿ ಹಾಕಿಸಿ ಕಳಿಸುತ್ತಿದ್ದೆ. ಸೆಖೆಯಲ್ಲಿ ಟೋಪಿ ಯಾಕೆ ಎಂದು ನೀನು ಒಮ್ಮೆಯೂ ಕೇಳಲಿಲ್ಲವಂತೆ. ನಿನ್ನ ಬುದ್ಧಿಯೆಲ್ಲ ಹೊಟ್ಟೆಗೆ ಇಳಿದಿದೆ ಎಂದು ಅಂದುಕೊಂಡೆ.

ನೀನು ಆಸ್ಪತ್ರೆ ಸೇರಿದ ವಾರವೇ ಒಣಗಾಳಿ ಶುರುವಾಯಿತು. ಈ ಸಲ ಅದು ಎಂದಿಗಿಂತ ಮೊದಲೇ ಬಂತು. ನಿನ್ನ ಬದಲಿಗೆ ಕೋಣೆಗೆ ಹೋಗಿ, ನೀನು ಹೇಳಿಕೊಟ್ಟಂತೆಯೇ ನಾನು ಎಲ್ಲವನ್ನೂ ಮಾಡುತ್ತಿದ್ದೆ. ಜಾಡಿಗೆ ಹೊಟ್ಟು, ಹೊಟ್ಟಿನ ಮೇಲೆ ಹುಳಕ್ಕೆ ತಿನ್ನಲು ಹಿಟ್ಟಿನ ಪತಂಗದ ಮೊಟ್ಟೆ, ಅದರ ಮೇಲೆ ಎಳೆ ಬೀನ್ಸ್ ಕಾಯಿ. ಎಳ್ಳುಕಾಳಿನಷ್ಟು ನಿನ್ನ ತಾಯಿಹುಳಗಳು ಆ ಕಾಯಿಯ ಸಿಪ್ಪೆಯೊಳಕ್ಕೆ ಮೊಟ್ಟೆ ಚುಚ್ಚಿಡುತ್ತವೆ, ನಾವು ಕಾಯಿಗಳನ್ನು ತೆಗೆದು ಬೇರೆ ಜಾಡಿಗೆ ಹಾಕಿದರೆ ಮರಿಗಳು ಹೊರಬರುತ್ತವೆ. ನಿನಗೆ ಗೊತ್ತಿರುವುದನ್ನೇ ನಿನಗೆ ಹೇಳುತ್ತಿದ್ದೇನೆ. ಇರಲಿ ಬಿಡು, ಪಾಠ ಒಪ್ಪಿಸುತ್ತಿದ್ದೇನೆ ಎಂದುಕೊ. ಮರಿಗಳು ಹೊರಬರಲಿಲ್ಲ. ಭೂತಗನ್ನಡಿ ಹಿಡಿದು ನೋಡಿದರೆ ಕಾಯಿಯ ಮೈಮೇಲೆ ಮೊಟ್ಟೆಯ ಬಿಳಿ ಮುಚ್ಚಳಗಳು ಬೇಕಾದಷ್ಟು ಇದ್ದವು, ಅಂಗಿಗೆ ಹೊಲಿದ ಗುಂಡಿಗಳ ಹಾಗೆ ಸಾಲಾಗಿ. ಆದರೆ ಕಾಯಿಯೇ ಮುದುರಿ ಸುಕ್ಕಾಗಿತ್ತು. ಸಿಪ್ಪೆ ಒಣಗಿ ಬಿಗಿದುಕೊಂಡು ಒಳಗಿನ ಮೊಟ್ಟೆಯನ್ನು ಹಿಸುಕಿಬಿಟ್ಟಿತ್ತು. ಮುಂದಿನ ಸುತ್ತಿನಲ್ಲಿಯೂ ಹಾಗೆಯೇ ಆಯಿತು.

ಇದೇ ಹೊತ್ತಿಗೆ ಗಾಜಿನ ಮನೆಯ ಉಸ್ತುವಾರಿ, ನೀನು ಹೆಸರಿಟ್ಟ ಗಡಿಬಿಡಿರಾಯ, ಬಾಗಿಲಲ್ಲಿ ಬಂದು ನಿಂತ. ದೊಣ್ಣೆ ಮೆಣಸಿನ ಗಿಡದಲ್ಲಿ ಮೊಗ್ಗು ಮೂಡುತ್ತಿದೆ, ಥ್ರಿಪ್ಸ್ ನುಸಿ ಆಗಲೇ ಎಲೆಗಳನ್ನು ಸುರುಟಿಸುತ್ತಿದೆ, ಹುಳ ಎಲ್ಲಿ ಎಂದು ಕೇಳಿದ. "ಹೂ ಬಿರಿಯೋ ಹೊತ್ತಿಗೆ ನಿಮ್ಮ ಹುಳ ನನ್ನ ಗಿಡದ ಮೇಲೆ ಇರಬೇಕು ಅಮ್ಮಾ. ಇಲ್ಲಾಂದ್ರೆ ಔಷಧಿ ಹೊಡೆಸ್ತೀನಿ, ಈ ಕೋಣೇಲಿ ಖಾಲಿ ಡಬ್ಬ ಪೇರಿಸ್ತೀನಿ" ಎಂದ. ಅವನು ಕೆಟ್ಟವನಲ್ಲ, ಫಸಲು ಕೈಗೆ ಬರದಿದ್ದರೆ ಅವನ ತಲೆಯ ಮೇಲೂ ಕೂರುವವರಿದ್ದಾರೆ. ಆದರೆ ಒಂದು ಸಲ ಔಷಧಿ ಹೊಡೆದರೆ ಈ ಹಂಗಾಮೆಲ್ಲ ಹುಳ ಬಿಡುವ ಹಾಗಿಲ್ಲ; ಹುಳ ಬಿಡದ ಕೋಣೆಯನ್ನು ಯಾರು ಉಳಿಸುತ್ತಾರೆ? ನೀನು ಮಗುವನ್ನು ಎತ್ತಿಕೊಂಡು ಬರುವಷ್ಟರಲ್ಲಿ ನಿನಗೆ ವಾಪಸ್ಸು ಹೋಗಲು ಕೆಲಸದ ಜಾಗವೇ ಇರುವುದಿಲ್ಲ ಎಂದು ಹೆದರಿಬಿಟ್ಟೆ. ಅವನ ಮುಂದೆ ಮಾತ್ರ ತೋರಿಸಿಕೊಳ್ಳಲಿಲ್ಲ. "ಕೊಡ್ತೀವಪ್ಪಾ, ಕೊಡ್ತೀವಿ, ಹೋಗು" ಎಂದು ಗದರಿ ಕಳಿಸಿದೆ.

ಗದರಿದ್ದೇನೋ ಸರಿ, ಮುಂದೇನು? ನಾನು ಆಮೇಲೆ ಮಾಡಿದ್ದನ್ನು ಕೇಳಿದರೆ ನೀನು ನನ್ನನ್ನು ಕೋಣೆಯ ಹೊಸ್ತಿಲು ದಾಟಲು ಬಿಡುವುದಿಲ್ಲ. ಎಳೆ ಕಾಯಿ ಬೇಗ ಸುಕ್ಕಾಗುತ್ತದೆ ತಾನೆ, ಬಲಿತದ್ದನ್ನೇ ಹಾಕೋಣ ಎಂದು ತರಕಾರಿಯವಳ ಬುಟ್ಟಿಯೆಲ್ಲ ಜಾಲಾಡಿ ಗಟ್ಟಿಮುಟ್ಟಾದ ಕಾಯಿಗಳನ್ನು ಆರಿಸಿ ತಂದೆ. ಅವು ಸುಕ್ಕಾಗಲಿಲ್ಲ, ನಿಜ. ದಿನಗಟ್ಟಲೆ ಠೀವಿಯಿಂದ ಬಿದ್ದುಕೊಂಡಿದ್ದವು. ಆದರೆ ಒಂದು ಮೊಟ್ಟೆಯಾದರೂ ಬೇಡವೆ? ತಾಯಿಹುಳಗಳು ಮೇಲೆ ಹತ್ತುವುದು, ಬಾಲದ ಸೂಜಿ ಊರಿ ನೋಡುವುದು, ಇಳಿದು ಹೋಗುವುದು. ಜನ್ಮವೆಲ್ಲ ಬಟ್ಟೆ ಹೊಲಿದವಳಿಗೆ ಇದು ಮೊದಲೇ ಹೊಳೆಯಬೇಕಿತ್ತು. ಮಲ್ ಬಟ್ಟೆ ಹೊಲಿಯುವ ಸೂಜಿ ಚರ್ಮದೊಳಕ್ಕೆ ಇಳಿಯುತ್ತದೆಯೆ? ಹೊಳೆದಾಗ ನನ್ನ ಹಣೆ ನಾನೇ ಚಚ್ಚಿಕೊಂಡೆ. ಗಿಡ ಮೆತ್ತಗಿರಬೇಕು, ಆದರೆ ಮರಿ ಹೊರಬರುವ ತನಕ ಬಾಡಬಾರದು. ಹುಳಕ್ಕೆ ತಿನ್ನಲು ಏನು ಕೊಡುತ್ತೇವೆ, ಎಷ್ಟು ಬೆಚ್ಚಗಿಡುತ್ತೇವೆ ಎನ್ನುವುದರಷ್ಟೇ ಮುಖ್ಯ ಹೆರುವ ಜಾಗ ಯಾವುದು ಎನ್ನುವುದು, ಅಲ್ಲವೆ? ನೀನು ಇದನ್ನು ಹೇಳಿದ್ದೆಯಂತೆ. ಹುಳಗಳನ್ನು ಡಬ್ಬಕ್ಕೆ ತುಂಬಲು ಬರುವ ನಮ್ಮ ಪ್ಯಾಕಿಂಗ್ ಅಕ್ಕ ನೆನಪಿಸಿದಳು. ಆಗ ನಾನು ಯಾವುದೋ ದಾರ ಹುಡುಕುತ್ತಿದ್ದೆನೇನೋ.

ಸರಿ, ಬೇರಿರುವ ಗಿಡವಾದರೆ ಬಾಡುವುದಿಲ್ಲ ಎಂದು ಬೀನ್ಸ್ ಬೀಜ ನೆನೆಹಾಕಿ, ಮೊಳೆಸಿ, ಸಣ್ಣ ಲೋಟಗಳಲ್ಲಿ ಸಸಿ ಎಬ್ಬಿಸಲು ಕೂತೆ. ಸಸಿ ಏಳುವ ತನಕ ಕೈ ಸುಮ್ಮನಿರುತ್ತದೆಯೆ? ನಿನ್ನ ಜಾಡಿಗಳ ಬಾಯಿಗೆ ರಬ್ಬರ್ ಸುತ್ತಿ ಕಟ್ಟಿದ ಜಾಳುಬಟ್ಟೆ ನೋಡಿ ನೋಡಿ ನನಗೆ ಮೊದಲಿನಿಂದಲೂ ಮೈ ಪರಚಿಕೊಳ್ಳುವಂತಾಗುತ್ತಿತ್ತು, ಎಲ್ಲಾ ಅಂಚು ಕಿತ್ತು ನೂಲು ನೇತಾಡುತ್ತಿತ್ತು. ಆ ಬಟ್ಟೆಗಳನ್ನೆಲ್ಲ ಮನೆಗೆ ತಂದು, ಅಂಚು ಮಡಿಚಿ, ಎಲಾಸ್ಟಿಕ್ ಸೇರಿಸಿ ಮಿಷನ್ನಿನಲ್ಲಿ ಹೊಲಿದೆ. ಎಷ್ಟು ಚಂದ ಬಂತೆಂದರೆ ಪ್ಯಾಕಿಂಗ್ ಅಕ್ಕ "ಇದನ್ನ ತಲೆಗೇ ಹಾಕ್ಕೋಬಹುದು" ಎಂದಳು. ನಾನು ಹಿಗ್ಗಿ ಹೀರೇಕಾಯಿಯಾದೆ. ಮಾರನೆಯ ಬೆಳಗ್ಗೆ ಬಾಗಿಲು ತೆಗೆದರೆ ಜಾಡಿಗಳು ಬಿಕೋ ಎನ್ನುತ್ತಿವೆ! ಎಲಾಸ್ಟಿಕ್ ಹಿಗ್ಗಿದಾಗ ಹೊಲಿಗೆಯ ಸೂಜಿ ತೂತುಗಳೂ ಹಿಗ್ಗಿವೆ. ಒಂದೊಂದು ತೂತೂ ಒಂದೊಂದು ಬಾಗಿಲು. ನಿನ್ನ ಎಳ್ಳುಗಳು ಸಾಲಾಗಿ ಆಚೆ ಬಂದು ಕಾಲ್ಕಿತ್ತಿದ್ದವು. ಮೂರು ಜಾಡಿಯಲ್ಲಿ ಮಾತ್ರ ಉಳಿದಿದ್ದವು, ಅವುಗಳಿಗೆ ಹೊಲಿಯುವಷ್ಟರಲ್ಲಿ ನನ್ನ ದಾರ ಮುಗಿದು ಹಳೆಯ ಬಟ್ಟೆಯನ್ನೇ ಕಟ್ಟಿದ್ದೆ. ಅರವತ್ತು ದಾಟಿದ ನನಗೆ ಅವತ್ತು ನೆಲದ ಮೇಲೆ ಕೂತು ಅಳಬೇಕೆನಿಸಿತು. ಅತ್ತೂಬಿಟ್ಟೆ, ನಿನ್ನಾಣೆಗೂ. ನಿನ್ನ ಗಂಡ ಸಂಜೆ ಬಂದು ಹೊಲಿಗೆ ಬಿಚ್ಚಿಕೊಟ್ಟ. ಲಿಫ್ಟು ರಿಪೇರಿ ಮಾಡುವ ಆ ಒರಟು ಕೈಗೆ ಅಷ್ಟು ನಾಜೂಕು ಎಲ್ಲಿಂದ ಬಂತೋ.

ಉಳಿದ ಮೂರು ಜಾಡಿಯನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದೆ. ಆಮೇಲೊಂದು ದಿನ, ಕಿಟಕಿಯ ದೂಳು ಒರೆಸುವಾಗ, ಅಲ್ಲಿರುವ ಮೋಟು ಗಿಡವನ್ನು ಪಕ್ಕಕ್ಕೆ ಸರಿಸಲು ಹೋದೆ. ನಿನಗೆ ಗೊತ್ತಲ್ಲ, ಪ್ಯಾಕಿಂಗ್ ಅಕ್ಕ ಯಾವಾಗಲೋ ತಂದಿಟ್ಟು ಮರೆತ ಕುಂಡ, ದಪ್ಪ ದಪ್ಪ ರಸದ ಎಲೆಯದು, ನೀರು ಕಾಣದೆಯೂ ಸಾಯದ ಮೊಂಡು ಗಿಡ. ಅದರ ಎಲೆಯ ಮೇಲೆ ಕಿತ್ತಳೆ ಬಣ್ಣದ ಚುಕ್ಕಿಯೊಂದು ನಡೆಯುತ್ತಿತ್ತು. ಚುಕ್ಕಿ ನಡೆಯುತ್ತದೆಯೆ? ಭೂತಗನ್ನಡಿ ತಂದೆ. ಮರಿ! ಕೆಂಪು ಕಣ್ಣಿನ, ಆಗತಾನೇ ಹುಟ್ಟಿದ ಮರಿ. ಇನ್ನೊಂದು, ಮತ್ತೊಂದು, ಎಲೆಯ ತೊಟ್ಟಿನ ಸಂದಿಯಲ್ಲಿ ಒಂದು ಹಿಂಡೇ. ಓಡಿಹೋದ ತಾಯಂದಿರು ಮೇಜಿನ ಮೇಲೆ ಚೆಲ್ಲಿದ್ದ ಪತಂಗದ ಮೊಟ್ಟೆ ತಿಂದುಕೊಂಡು, ಕೋಣೆಯನ್ನೆಲ್ಲ ಸುತ್ತಿ, ತಮಗೆ ಬೇಕಾದ ಹೆರಿಗೆ ಕೋಣೆಯನ್ನು ತಾವೇ ಆರಿಸಿಕೊಂಡಿದ್ದವು! ಎಲೆಯನ್ನು ಉಗುರಿನಿಂದ ಒತ್ತಿದೆ, ಬೆಣ್ಣೆಯಂತೆ ಮೆತ್ತಗಿತ್ತು. ಇದು ಬಾಡುವ ಜಾತಿಯಂತೂ ಅಲ್ಲವೇ ಅಲ್ಲ. ನಾನು ಕೂಗಿದ ಕೂಗಿಗೆ ಪ್ಯಾಕಿಂಗ್ ಅಕ್ಕ ಅಂಟುಪಟ್ಟಿಯ ಸಮೇತ ಓಡಿ ಬಂದಳು, ನನಗೇನೋ ಆಯಿತೆಂದು.

ಇಲ್ಲಿ ನಿನ್ನ ಅತ್ತೆಗೆ ಶಭಾಷ್ ಎನ್ನಬೇಕು. ಕೂಡಲೇ ಎಲ್ಲವನ್ನೂ ಬದಲಾಯಿಸಿಬಿಡಲಿಲ್ಲ. "ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು ಅತ್ತೆ, ಇಲ್ಲಾಂದ್ರೆ ಯಾವುದರಿಂದ ಏನಾಯ್ತು ಅಂತ ಗೊತ್ತಾಗಲ್ಲ" ಎನ್ನುತ್ತಿದ್ದೆಯಲ್ಲ, ಅದು ಅಷ್ಟು ಪೆಟ್ಟು ತಿಂದ ಮೇಲೆ ತಲೆಗೆ ಇಳಿದಿತ್ತು. ಉಳಿದಿದ್ದ ತಾಯಿಹುಳಗಳನ್ನು ಸಮವಾಗಿ ಹಂಚಿ ಮೂರು ಜಾಡಿಗೆ ಹಾಕಿದೆ. ತಿಂಡಿ, ಬಟ್ಟೆ, ಇಟ್ಟ ಕಪಾಟು, ಎಲ್ಲಾ ಒಂದೇ. ಗಿಡ ಮಾತ್ರ ಬೇರೆ ಬೇರೆ. ಒಂದಕ್ಕೆ ಎಳೆ ಬೀನ್ಸ್ ಕಾಯಿ, ಒಂದಕ್ಕೆ ಬೇರು ಸಮೇತ ಬೀನ್ಸ್ ಸಸಿ, ಇನ್ನೊಂದಕ್ಕೆ ರಸದೆಲೆಯ ತುಂಡು ಕೊಂಬೆ. ಆಮೇಲೆ ತಾಯಂದಿರನ್ನು ಬೇರೆ ಮಾಡಿ, ಗಡಿಬಿಡಿರಾಯನನ್ನು ಕರೆದು, ಭೂತಗನ್ನಡಿ ಕೈಗೆ ಕೊಟ್ಟು, ನೋಡಪ್ಪಾ ಎಂದೆ.

ನೋಡಿದ. ನೋಡಿ ನಕ್ಕ. ಏಕೆಂದರೆ ಮೊಟ್ಟೆಯ ಬಿಳಿ ಗುಂಡಿಗಳು ಎಲ್ಲಕ್ಕಿಂತ ಹೆಚ್ಚು ಇದ್ದದ್ದು ಬೀನ್ಸ್ ಸಸಿಯ ಮೇಲೆ. ನನ್ನ ರಸದೆಲೆಯ ಮೇಲೆ ಅದರ ಅರ್ಧವೂ ಇರಲಿಲ್ಲ. "ನೋಡಿ ಅಮ್ಮಾ, ಹುಳಕ್ಕೇ ಗೊತ್ತು. ಸಸಿಗಳನ್ನೇ ಜಾಸ್ತಿ ಬೆಳೆಸಿ, ಆ ಕಳೆ ಗಿಡ ಬಿಸಾಕಿ" ಎಂದ. ನನ್ನ ಮುಖ ಸಪ್ಪಗಾಯಿತು. ಆದರೂ ಹೊಲಿಗೆಯವಳ ಹಟ ನೋಡು, ಬಟ್ಟೆ ಕತ್ತರಿಸಿದಾಗಲ್ಲ, ಮೈಗೆ ಹಾಕಿ ನೋಡಿದಾಗ ತಾನೆ ಸರಿಯಾಗಿದೆಯೋ ಇಲ್ಲವೋ ಗೊತ್ತಾಗುವುದು? "ಮೊಟ್ಟೆ ನಿನ್ನ ಗಿಡದ ನುಸಿ ತಿನ್ನುತ್ತೇನಪ್ಪಾ? ಮರಿ ಬರಲಿ, ಆಗ ಎಣಿಸೋಣ" ಎಂದೆ. ಹೂ ಬಿರಿಯಲು ಇನ್ನೆಷ್ಟು ದಿನವಿದೆ ಗೊತ್ತೆ ಎಂದು ಗೊಣಗುತ್ತ ಹೋದ. ಸಿಂಪಡಿಸುವ ಯಂತ್ರವನ್ನು ಗೋದಾಮಿನಿಂದ ಹೊರಗೆ ತೆಗೆಸಿ ನಮ್ಮ ಕೋಣೆಯ ಬಾಗಿಲ ಎದುರಿಗೇ ಇಡಿಸಿದ. ದಿನಾ ಬೆಳಗ್ಗೆ ಅದನ್ನು ಸುತ್ತುಹಾಕಿಕೊಂಡು ಒಳಗೆ ಹೋಗಬೇಕು. ಒಮ್ಮೊಮ್ಮೆ ಒದ್ದೂ ಇದ್ದೇನೆ.

ಮರಿಗಳು ಬರುವ ದಿನ ಬಂತು. ಕಾಯಿಯಲ್ಲಿ ಮತ್ತದೇ ಹಾಡು, ಸುಕ್ಕು, ಸಾವು. ಬೀನ್ಸ್ ಸಸಿಯಲ್ಲಿ ಮರಿಗಳು ಬಂದವು, ತುಂಬಾ ಬಂದವು, ನಾನು ಸೋತೆ ಎಂದುಕೊಂಡೆ. ಆದರೆ ಯಾವುದೂ ನಡೆಯುತ್ತಿರಲಿಲ್ಲ. ಭೂತಗನ್ನಡಿಯನ್ನು ಹತ್ತಿರ ತಂದೆ. ಎಲೆಯ ಮೈಯೆಲ್ಲ ಸಣ್ಣ ಕೂದಲು, ಕೂದಲ ತುದಿಯೆಲ್ಲ ಬಾಗಿದ ಕೊಂಡಿ. ಉಡುಪಿನ ಕೊಂಡಿಗೆ ನೂಲು ಸಿಕ್ಕಿಕೊಂಡಂತೆ ಒಂದೊಂದು ಮರಿಯ ಕಾಲೂ ಅದರಲ್ಲಿ ಸಿಕ್ಕಿಕೊಂಡಿತ್ತು. ಎಳೆದಷ್ಟೂ ಬಿಗಿ. ಕೆಲವು ಆಗಲೇ ಸತ್ತಿದ್ದವು, ಕೆಲವು ಇನ್ನೂ ಎಳೆಯುತ್ತಿದ್ದವು. ತಾಯಿಗೆ ಹೆರುವುದಕ್ಕೆ ಇಷ್ಟವಾದ ಜಾಗ, ಕೂಸಿಗೆ ಕಾಲಿಡಲು ಆಗದ ಜಾಗ. ನಿನ್ನ ಈ ಸ್ಥಿತಿಯಲ್ಲಿ ಇದನ್ನೆಲ್ಲ ಬರೆಯಬಾರದು, ಗೊತ್ತು. ನೀನು ನನಗಿಂತ ಗಟ್ಟಿ ಜೀವ ಎಂದು ಬರೆಯುತ್ತಿದ್ದೇನೆ. ನಾನು ತೆಳ್ಳನೆ ಸೂಜಿ ತೆಗೆದುಕೊಂಡು ಒಂದೊಂದೇ ಕಾಲು ಬಿಡಿಸಲು ನೋಡಿದೆ. ಕೆಲವನ್ನು ಬಿಡಿಸಿದೆ ಕೂಡ. ಆಮೇಲೆ ರಸದೆಲೆಯ ಜಾಡಿಗೆ ಕೈ ಹಾಕುವ ಧೈರ್ಯವೇ ಆಗಲಿಲ್ಲ. ಪ್ಯಾಕಿಂಗ್ ಅಕ್ಕನೇ ಬಟ್ಟೆ ಬಿಚ್ಚಿದಳು, ಬಿಚ್ಚಿ, "ಅಮ್ಮಾ, ಇಲ್ಲಿ ಜಾತ್ರೆನೇ ಸೇರಿದೆ!" ಎಂದಳು. ನಯವಾದ ಎಲೆ, ಕೂದಲಿಲ್ಲ, ಕೊಂಡಿಯಿಲ್ಲ. ಇಟ್ಟದ್ದು ಕಡಿಮೆ ಮೊಟ್ಟೆಯೇ, ಆದರೆ ಇಟ್ಟದ್ದೆಲ್ಲ ಮರಿಯಾಗಿ ಹೊರಬಂದು ಹೊಟ್ಟಿನ ಮೇಲೆ ಓಡಾಡುತ್ತಿತ್ತು!

ಗಡಿಬಿಡಿರಾಯ ಬಂದ, ಮೂರು ಜಾಡಿಯನ್ನೂ ನೋಡಿದ, ಸಸಿಯ ಮೇಲಿನ ಮರಿಗಳನ್ನು ಬಹಳ ಹೊತ್ತು ನೋಡಿದ. ಅವನಿಗೂ ಇಬ್ಬರು ಮಕ್ಕಳಿದ್ದಾರಲ್ಲ. ಹೊರಗೆ ಹೋಗಿ ಆ ಯಂತ್ರವನ್ನು ತಾನೇ ಗೋದಾಮಿಗೆ ತಳ್ಳಿಕೊಂಡು ಹೋದ. ಅಷ್ಟೇ ಅಲ್ಲ, ಆ ದಪ್ಪೆಲೆ ಗಿಡ ತನ್ನ ಮನೆಯ ಮಹಡಿಯ ಮೇಲೂ ಇದೆಯೆಂದು ಎರಡು ಚೀಲ ತುಂಬ ಕೊಂಬೆ ಕತ್ತರಿಸಿ ತಂದ. ಆಮೇಲಿನದು ಕೆಲಸ, ಬರೀ ಕೆಲಸ. ನಿನ್ನ ಗಂಡ ಲಿಫ್ಟಿನ ಹಳೆಯ ಕಂಬಿಗಳಿಂದ ಕಪಾಟು ಮಾಡಿಕೊಟ್ಟ. ಜಾಡಿಯ ಬಾಯಿಗೆ ರಬ್ಬರ್ ಸುತ್ತಿದೆ, ನೂಲು ನೇತಾಡಿದರೆ ನೇತಾಡಲಿ ಎಂದುಕೊಂಡೆ. ಮರಿ ಬೆಳೆದು, ಬೆಳೆದವು ಹೆತ್ತು, ಕೋಣೆ ತುಂಬಿತು. ಮೊದಲ ಬಿಳಿ ಹೂಗಳು ಬಿರಿದ ವಾರ ಹೊಟ್ಟಿನ ಸಮೇತ ಗಿಡಗಳ ಮೇಲೆ ಉದುರಿಸಿದೆವು. ಮೊನ್ನೆ ಗಡಿಬಿಡಿರಾಯ ಹೂವನ್ನು ಬಿಳಿ ಕಾಗದದ ಮೇಲೆ ತಟ್ಟಿ ತೋರಿಸಿದ. ಹಿಂದೆ ತಟ್ಟಿದರೆ ನುಸಿ ರಾಶಿ ಬೀಳುತ್ತಿತ್ತು. ಈಗ ಬಿದ್ದದ್ದು ಎರಡು ಎಳ್ಳು, ಅದರಲ್ಲೊಂದರ ಬಾಯಲ್ಲಿ ನುಸಿ. ಅವನು ಹಲ್ಲು ಕಿರಿದ. ನಾನು ಗಾಜಿನ ಮನೆಯ ನಡುವೆ, ಎಲ್ಲಾ ಕೆಲಸಗಾರರ ಎದುರಿಗೆ ಚಪ್ಪಾಳೆ ಹೊಡೆದೆ. ಇಷ್ಟು ಖುಷಿ ನನಗೆ ಯಾವಾಗ ಆಗಿತ್ತೋ ನೆನಪಿಲ್ಲ.

ಇನ್ನೇನು ಬರೆಯಲಿ? ನಲ್ಲಿ ಸೋರುವುದು ನಿಂತಿದೆ. ನಿನ್ನ ನೀಲಿ ಉಡುಪನ್ನು ಪಕ್ಕ ಬಿಚ್ಚಿ ಅಗಲ ಮಾಡಿ ಕಳಿಸಿದ್ದೇನೆ, ಇದೇ ಚೀಲದಲ್ಲಿದೆ. ನಿನ್ನ ಅಮ್ಮ ಫೋನು ಮಾಡಿದ್ದರು, ಹೆರಿಗೆಯ ವಾರಕ್ಕೆ ನಿನ್ನ ಬಳಿ ಬರುತ್ತಾರಂತೆ. ಅವರಿಗೆ ನನ್ನ ನಮಸ್ಕಾರ ತಿಳಿಸು. ಡಾಕ್ಟರಮ್ಮನಿಗೆ ಸಿಟ್ಟು ಬರಿಸಬೇಡ. ನಿನ್ನ ತಲೆಯ ಮೇಲೊಂದು ಕೈ, ಹೊಟ್ಟೆಯ ಮೇಲೊಂದು ಕೈ ಇಟ್ಟಿದ್ದೇನೆ ಎಂದುಕೊ. ಇಬ್ಬರೂ ನೆಟ್ಟಗೆ, ನಗುನಗುತ್ತ ಮನೆಗೆ ಬನ್ನಿ.

ನಿನ್ನ
ಅತ್ತೆ

ಮರೆತೇಬಿಟ್ಟೆ: ಮುಖ್ಯವಾದದ್ದೇ ಉಳಿದಿದೆ. ನಿನ್ನ ಗಂಡ ಬಾಗಿಲಲ್ಲಿ ನಿಂತು "ಬಸ್ಸು ಹೋಗುತ್ತಮ್ಮಾ" ಎಂದು ಕೂಗುತ್ತಿದ್ದಾನೆ, ಕೂಗಲಿ. ಹೋಗುವ ದಿನ ನೀನು ಕೋಣೆಯ ಬೀಗ ಹಾಕಿ "ಇನ್ನು ಇದೆಲ್ಲಾ ನನಗೆ ಮುಗೀತು ಅತ್ತೆ" ಎಂದೆ. ಅದಕ್ಕೆ ನನ್ನ ಉತ್ತರ ಇದು. ನನ್ನ ಮಗ ಹುಟ್ಟಿದಾಗ ನನ್ನ ಹೊಲಿಗೆ ಅಂಗಡಿಯನ್ನು ಯಾರೂ ನನಗಾಗಿ ಕಾಯ್ದಿಡಲಿಲ್ಲ. ಮತ್ತೆ ತೆರೆಯುವಷ್ಟರಲ್ಲಿ ನನ್ನ ಗಿರಾಕಿಗಳೆಲ್ಲ ಬೇರೆಯವರ ಗಿರಾಕಿಗಳಾಗಿದ್ದರು. ನಿನ್ನದು ಹಾಗಾಗಲು ನಾನು ಬಿಡುವುದಿಲ್ಲ. ಗಡಿಬಿಡಿರಾಯ ಪಕ್ಕದ ಕೋಣೆಯನ್ನೂ ಹುಳಕ್ಕೆ ಕೊಡುತ್ತಾನಂತೆ, ಎರಡನ್ನೂ ನೀವೇ ನೋಡಿಕೊಳ್ಳಿ ಎಂದು ನನಗೆ ಹೇಳಿದ. ಯಜಮಾನಿ ಆಸ್ಪತ್ರೆಯಲ್ಲಿದ್ದಾಳೆ, ನಾನು ಅವಳ ಕೈಕೆಳಗಿನವಳು ಎಂದೆ. ಒಪ್ಪಿದ. ಅಂದಮೇಲೆ ಮಗು ನೋಡಿಕೊಳ್ಳಲು ಅಜ್ಜಿ ಮನೆಯಲ್ಲಿರುತ್ತಾಳೆ ಎಂದು ಯಾರೂ ಲೆಕ್ಕ ಹಾಕಬೇಡಿ, ಅಜ್ಜಿಗೆ ಕೆಲಸವಿದೆ. ನಿನಗೆ ಮೈಯಲ್ಲಿ ಶಕ್ತಿ ಬಂದ ಮೇಲೆ ನಾವಿಬ್ಬರೂ ಬೆಳಗ್ಗೆ ಹೋಗಿ ಮಧ್ಯಾಹ್ನಕ್ಕೆ ಬರೋಣ. ಅಷ್ಟು ಹೊತ್ತು ಮಗು ಅದರ ಅಪ್ಪನದು. ಲಿಫ್ಟಿನವರಲ್ಲಿ ಸಂಜೆ ಪಾಳಿ ಇದೆಯಂತೆ, ಅವನ ಮೇಲಿನವರನ್ನು ನಾನೇ ಹೋಗಿ ಕೇಳಿ, ಹೂಂ ಅನ್ನಿಸಿಕೊಂಡು ಬಂದಿದ್ದೇನೆ. ಅವನಿಗೆ ಮಾತ್ರ ಇನ್ನೂ ಗೊತ್ತಿಲ್ಲ. ಲಕೋಟೆಗೆ ಅಂಟು ಹಾಕಿಯೇ ಅವನ ಕೈಗೆ ಕೊಡುತ್ತಿದ್ದೇನೆ. ಓದಿ ಮುಗಿಸಿದ ಮೇಲೆ ಮೊದಲು ಅವನನ್ನು ಕುರ್ಚಿಯಲ್ಲಿ ಕೂರಿಸು, ಆಮೇಲೆ ನೀನೇ ಹೇಳು.